ಹುಲಿ, ಸಿಂಹ ಮತ್ತು ಬಾಯಿ ಬಿಡದ ಕಂಪ್ಯೂಟರ್

ಗುಟ್ಟು ಕಾಪಾಡೋ ಕಂಪ್ಯೂಟರ್ ಬೇಕು ಅಂತ ನನ್ನ ಅಂಗಡಿಗೆ ಬರೋರು ಆ ಮಾತನ್ನ ಇಡೀ ರಸ್ತೆಗೆ ಕೇಳೋ ಹಾಗೆ ಕೂಗಿಯೇ ಹೇಳ್ತಾರೆ. ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೀನಿ, ಒಬ್ಬರೂ ಈ ಪದ್ಧತಿ ತಪ್ಪಿಸಿಲ್ಲ.

ನನ್ನದು ಶಿವಮೊಗ್ಗದಲ್ಲಿ ಒಂದು ಸಣ್ಣ ಕಂಪ್ಯೂಟರ್ ರಿಪೇರಿ ಅಂಗಡಿ. ಮನೆ ಭದ್ರಾವತಿಯ ಕಾಗದನಗರದಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಒಳಗೆ ಬಂದ ಗಿರಾಕಿ ಮೊದಲು ನನ್ನನ್ನ ನೋಡ್ತಾರೆ, ಆಮೇಲೆ ನನ್ನ ಹಿಂದಿನ ಗೋಡೆ ನೋಡ್ತಾರೆ, ಆಮೇಲೆ "ಯಜಮಾನ್ರು ಇಲ್ವಾಮ್ಮ?" ಅಂತಾರೆ. ನಾನೇ ಯಜಮಾನಿ ಅಂದ್ರೆ "ಅಲ್ಲ, ರಿಪೇರಿ ಮಾಡೋರು" ಅಂತಾರೆ. ಅದೂ ನಾನೇ ಅಂದ್ರೆ "ಹಾಗಾದ್ರೆ ಆಮೇಲೆ ಬರ್ತೀನಿ" ಅಂತ ಹೊರಟವರೂ ಇದ್ದಾರೆ. ಹೋಗಲಿ ಬಿಡಿ. ಹೋದವರು ಊರೆಲ್ಲ ಸುತ್ತಿ ಮೂರನೇ ದಿನ ನನ್ನ ಬಾಗಿಲಿಗೇ ಬರ್ತಾರೆ, ಆಗ ನಾನು "ಯಜಮಾನ್ರು ಊಟಕ್ಕೆ ಹೋಗಿದ್ದಾರೆ" ಅಂತ ಅರ್ಧ ಗಂಟೆ ಕಾಯಿಸ್ತೀನಿ.

ಒಂದು ಮೊಳ ಜ್ಞಾಪಕ

ಒಂದು ಸಲ ಅಡಿಕೆ ವ್ಯಾಪಾರದ ಹಿರಿಯರೊಬ್ಬರು ಲ್ಯಾಪ್‌ಟಾಪನ್ನ ಟವೆಲ್ಲಲ್ಲಿ ಸುತ್ತಿಕೊಂಡು ಬಂದ್ರು. "ನನ್ನ ವ್ಯವಹಾರ ಒಂದು ನರಪಿಳ್ಳೆಗೂ ಗೊತ್ತಾಗಬಾರದು. ಅಂಥದ್ದೇನಾದ್ರೂ ಹಾಕ್ಕೊಡಿ" ಅಂತ ಕೂಗಿದ್ರು. ರಸ್ತೆಯ ಆಚೆ ಬದಿಯ ಟೈಲರ್ ತಲೆ ಎತ್ತಿ ನೋಡಿದ.

ನಾನು ಅವರಿಗೆ ಲಿನಕ್ಸ್ ಹಾಕಿದೆ. ಲಿನಕ್ಸ್ ಅಂದ್ರೆ ಕಂಪ್ಯೂಟರನ್ನ ನಡೆಸೋ ಒಂದು ವ್ಯವಸ್ಥೆ, ಯಾರು ಬೇಕಾದ್ರೂ ಪುಕ್ಕಟೆ ತಗೊಂಡು ತಮಗೆ ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಅದಕ್ಕೇ ಅದರಲ್ಲಿ ನೂರಾರು ಬಗೆ. ದೋಸೆ ಇದ್ದ ಹಾಗೆ, ಹಿಟ್ಟು ಒಂದೇ ಆದ್ರೂ ಹೋಟೆಲಿಗೊಂದು ರುಚಿ. ಇವರ ಯಂತ್ರದ ಡಿಸ್ಕಿಗೆ ಪೂರ್ತಿ ಬೀಗ ಹಾಕಿ, "ಈಗ ಪಾಸ್‌ವರ್ಡ್ ನೀವೇ ಒತ್ತಿ, ನನಗೂ ಗೊತ್ತಾಗಬಾರದು. ಮರೆತ್ರೆ ಬ್ರಹ್ಮ ಬಂದ್ರೂ ತೆಗೆಯೋಕಾಗಲ್ಲ" ಅಂತ ಹೇಳಿ ಗೋಡೆ ಕಡೆ ತಿರುಗಿ ನಿಂತೆ. ಅವರು ಒಂದೇ ಬೆರಳಲ್ಲಿ, ಒಂದೊಂದು ಅಕ್ಷರಾನೂ ಬಾಯಲ್ಲಿ ಹೇಳ್ಕೊಂಡು ಒತ್ತಿದ್ರು. "ದೊಡ್ಡ ಎಂ... ಸಣ್ಣ ಎ... ಸಣ್ಣ ಎನ್..." ನಾನು ಕೆಮ್ಮಿದೆ. ಅವರು ನನ್ನ ಕೆಮ್ಮಿಗೆ ಶುಂಠಿ ಕಷಾಯ ಹೇಳಿ ಮತ್ತೆ ಮುಂದುವರಿಸಿದ್ರು.

ತಿಂಗಳಾದ ಮೇಲೆ ಬಂದ್ರು. ಮುಖ ಬಾಡಿತ್ತು. "ಮರ್ತೋಯ್ತಮ್ಮ. ಎಲ್ಲಾ ಅದರೊಳಗೇ ಇದೆ." ಕುರ್ಚಿ ಮೇಲೆ ಕೂತು ತಲೆ ಮೇಲೆ ಕೈ ಹೊತ್ತರು. ಆಗ ನನ್ನ ಅಂಗಡಿ ಮೆಟ್ಟಿಲ ಮೇಲೆ ಹೂವು ಕಟ್ಟೋ ಹೆಂಗಸು ತಲೆ ಎತ್ತದೇನೇ ಹೇಳಿದಳು: "ಮೊದಲನೇದು ದೊಡ್ಡ ಎಂ ಅಣ್ಣಾ. ಕೊನೇಲಿ ಎರಡು ಸೊನ್ನೆ. ನಡುವೆ ನಿಮ್ಮ ಮನೆದೇವರ ಹೆಸರು."

ಬೀಗ ತೆಗೀತು. ಇವತ್ತಿಗೂ ಅವರು ಆ ಪಾಸ್‌ವರ್ಡನ್ನ ಎಲ್ಲೂ ಬರೆದಿಟ್ಟುಕೊಂಡಿಲ್ಲ. ಮರೆತಾಗೆಲ್ಲ ಬಂದು ಒಂದು ಮೊಳ ಮಲ್ಲಿಗೆ ತಗೋತಾರೆ.

ಮಂಡಿ ನೋವಿನ ಸುದ್ದಿ

ಊರವರ ಕಥೆ ಹಾಗಿರಲಿ, ನಮ್ಮ ಮನೇದು ಕೇಳಿ.

ನಮ್ಮ ಮಾವ ಕಾಗದದ ಕಾರ್ಖಾನೆಯಲ್ಲಿ ಮರದ ಯಾರ್ಡಿನ ಸೂಪರ್‌ವೈಸರ್ ಆಗಿದ್ದವರು. ಬಿದಿರು, ನೀಲಗಿರಿ ತುಂಬಿದ ಲಾರಿಗಳು ಸಾಲಾಗಿ ಬರೋದನ್ನ ಮೂವತ್ತು ವರ್ಷ ನೋಡಿದ್ದಾರೆ. ಕಾರ್ಖಾನೆ ನಿಂತಿತು, ಲಾರಿಗಳೂ ನಿಂತವು. ಮಾವ ಮನೆಯಲ್ಲಿ ಕೂತು ಅತ್ತೆಯ ಸಾರಿಗೆ ಹುಣಸೆಹಣ್ಣು ಎಷ್ಟು ಬೀಳುತ್ತೆ ಅಂತ ಸೂಪರ್‌ವೈಸ್ ಮಾಡೋಕೆ ಶುರು ಮಾಡಿದ್ರು. ಮೊದಲಾದ್ರೆ ಸಂಜೆ ಹೊತ್ತು ಕ್ಲಬ್ಬಿಗೆ ಹೋಗಿ ಕ್ಯಾರಂ ಆಡ್ತಿದ್ರು. ಆಮೇಲೆ ಅದೂ ನಿಂತಿತು, ಅದಕ್ಕೊಂದು ಕಾರಣ ಇದೆ.

ಕಾರಣ ನಮ್ಮ ಎದುರು ಸಾಲಿನ ಕ್ವಾರ್ಟರ್ಸಿನಲ್ಲೇ ಇದ್ದಾರೆ. ಅವರು ಕಾರ್ಖಾನೆಯ ಗೇಟಲ್ಲಿ ಲಾರಿ ತೂಕ ಹಾಕ್ತಿದ್ದವರು, ನಾವು ತೂಕದ ಅಂಕಲ್ ಅಂತ ಕರೀತೀವಿ. ಮಾವನಿಗೆ ಇದ್ದ ಒಬ್ಬರೇ ಒಬ್ಬರು ಜೀವದ ಗೆಳೆಯ. ಎಂಟು ವರ್ಷದ ಹಿಂದೆ ಇಬ್ಬರೂ ಕ್ಯಾರಂ ಆಡ್ತಾ ಇದ್ದಾಗ ಅಂಕಲ್ ಕೆಂಪು ಬಿಲ್ಲೆ ಹಾಕಿದ್ರು. ಕೆಂಪು ಹಾಕಿದ ಮೇಲೆ ಹಿಂದೇನೇ ಇನ್ನೊಂದು ಬಿಲ್ಲೆ ಬೀಳಿಸಬೇಕು, ಅದಕ್ಕೆ ಕವರ್ ಅಂತಾರೆ. ಕವರಿನ ಬಿಲ್ಲೆ ಗುಂಡಿಯ ಬಾಯಿಗೆ ಬಂದು ನಿಂತಿತು. ಒಂದು ಕ್ಷಣ ಬಿಟ್ಟು ಬಿತ್ತು. "ನಿನ್ನ ಹೊಟ್ಟೆ ಬೋರ್ಡಿಗೆ ತಾಗಿದ್ದಕ್ಕೆ ಬಿತ್ತು" ಅಂದ್ರು ಮಾವ. "ತಾಗಿಲ್ಲ" ಅಂದ್ರು ಅಂಕಲ್. "ಊರಿನ ಲಾರಿ ಎಲ್ಲಾ ತೂಗ್ತೀಯಲ್ಲ, ಮೊದಲು ನಿನ್ನ ಹೊಟ್ಟೆ ತೂಗ್ಕೋ" ಅಂದ್ರು ಮಾವ. ಮುಗೀತು. ಅವತ್ತಿಂದ ಮಾತಿಲ್ಲ. ಕರೆಂಟು ಹೋದಾಗ ಎಲ್ಲರ ಮನೇಲೂ ಹೋಗಿದೆಯಾ ಅಂತ ನೋಡೋಕೆ ಇಬ್ಬರೂ ಅಭ್ಯಾಸಬಲದಿಂದ ಗೇಟಿಗೆ ಬರ್ತಾರೆ, ಮುಖ ಮುಖ ನೋಡ್ತಾರೆ, ತಿರುಗಿ ಒಳಗೆ ಹೋಗ್ತಾರೆ. ಅಷ್ಟು ವರ್ಷದ ಗೆಳೆತನದಲ್ಲಿ ಉಳಿದಿದ್ದು ಇಷ್ಟೇ.

"ಇವರನ್ನ ಎಲ್ಲಾದ್ರೂ ಕೂರ್ಸು ಮಾರಾಯ್ತಿ, ಇಲ್ಲಾಂದ್ರೆ ನಾನು ತವರಿಗೆ ಹೋಗ್ತೀನಿ" ಅಂದ್ರು ಅತ್ತೆ. ಅತ್ತೆಗೆ ಎಪ್ಪತ್ತು, ತವರಲ್ಲಿ ಯಾರೂ ಇಲ್ಲ. ಅಷ್ಟು ಬೇಸತ್ತಿದ್ರು. ನಾನು ಅಂಗಡಿಯಿಂದ ಒಂದು ಹಳೇ ಕಂಪ್ಯೂಟರ್ ತಂದು, ಲಾರಿ ಓಡಿಸೋ ಆಟ ಹಾಕಿಕೊಟ್ಟೆ. ಯಾವುದೋ ಪರದೇಶದ ಘಾಟಿ ರಸ್ತೆ, ಹಿಂದೆ ಮರದ ದಿಮ್ಮಿ. ಮಾವ ಹೆಗಲ ಮೇಲೆ ಟವೆಲ್ ಹಾಕ್ಕೊಂಡು ಕೂತ್ರು. ಎದ್ದಿದ್ದು ಊಟಕ್ಕೆ.

ಹೀಗೆ ಸುಖವಾಗಿದ್ದಾಗ ಒಂದು ದಿನ ಮಾವನ ಮಂಡಿ ಹಿಡ್ಕೊಂಡಿತು. ಮಾರನೇ ದಿನ ಕಂಪ್ಯೂಟರ್ ತೆಗೆದ್ರೆ ಮಂಡಿ ನೋವಿನ ಎಣ್ಣೆಯ ಜಾಹೀರಾತು! ಮಾವ ಹೌಹಾರಿದ್ರು. "ಇದು ಕದ್ದು ಕೇಳ್ತಾ ಇದೆ" ಅಂತ ಅದರ ಮೇಲೆ ಬೆಡ್‌ಶೀಟ್ ಹೊದಿಸಿದ್ರು. ಆಮೇಲೆ ಎರಡು ದಿನ ಆ ರೂಮಲ್ಲಿ ಬರೀ ಕೈಸನ್ನೆ. ಕೈಸನ್ನೆಯಲ್ಲಿ ಕಾಫಿ ಕೇಳಿದ್ರೆ ಅತ್ತೆ ಬೇಕಂತಲೇ ಮಜ್ಜಿಗೆ ತಂದು ಕೊಡೋರು.

ಕೊನೆಗೆ ಮಾವ ನನ್ನನ್ನ ಹಿತ್ತಲಿಗೆ ಕರ್ಕೊಂಡು ಹೋಗಿ ಪಿಸುಗುಟ್ಟಿದ್ರು. "ನೋಡಮ್ಮ, ನಿನ್ನ ಗಿರಾಕಿಗಳಿಗೆ ಹಾಕ್ತೀಯಲ್ಲ, ಬಾಯಿ ಬಿಡದೇ ಇರೋದು. ಅಂಥದ್ದು ಹಾಕು. ಆದ್ರೆ ನನ್ನ ಲಾರಿ ನಿಲ್ಲಬಾರದು. ಮುಖ್ಯವಾಗಿ ಎದುರು ಸಾಲಿನ ಆ ಮನುಷ್ಯನಿಗೆ ಗೊತ್ತಾಗಬಾರದು, ನಾನು ಈ ವಯಸ್ಸಲ್ಲಿ ಆಟ ಆಡ್ತೀನಿ ಅಂತ. ನನ್ನ ಮಂಡಿ ವಿಷಯ ಅಂತೂ ಯಾರಿಗೂ ಗೊತ್ತಾಗಬಾರದು."

ಹಿತ್ತಲ ತೊಟ್ಟಿ ಹತ್ರ ಪಾತ್ರೆ ತೊಳೀತಿದ್ದ ಅತ್ತೆ ಅಂದ್ರು: "ನಿಮ್ಮ ಮಂಡಿ ವಿಷಯ ಕಂಪ್ಯೂಟರಿಗಿಂತ ಮುಂಚೆ ಹಾಲಿನ ಬೂತಿಗೆ ಗೊತ್ತಿತ್ತು. ಮೂರು ಜನ ಎಣ್ಣೆ ಕೊಟ್ಟು ಕಳಿಸಿದ್ದಾರೆ, ಯಾವುದು ಹಚ್ಚಲಿ ಹೇಳಿ."

ಮನೆಗೆ ಬಂದ ಮರೆಗುಳಿ

ಬಾಯಿ ಬಿಗಿ ಇರೋ ಲಿನಕ್ಸಿಗೆ ಆಟ ಆಗಿಬರಲ್ಲ, ಆಟಕ್ಕೆ ಒಗ್ಗೋ ಲಿನಕ್ಸಿಗೆ ಅಷ್ಟೊಂದು ಬಾಯಿ ಬಿಗಿ ಇರಲ್ಲ. ಇದು ನನಗೆ ಗೊತ್ತಿತ್ತು. ಆದ್ರೂ ಸೊಸೆ ಅಲ್ವಾ, ಮಾವನ ಮುಂದೆ ಜಾಣತನ ತೋರಿಸೋ ಚಪಲ. ಇರೋದರಲ್ಲೇ ಅತಿ ಗುಟ್ಟಿನದನ್ನ ಪೆನ್‌ಡ್ರೈವಲ್ಲಿ ತಂದು ಹಾಕಿದೆ. ಅದರ ವಿಶೇಷ ಏನಂದ್ರೆ, ಯಂತ್ರ ಆಫ್ ಮಾಡಿದ ತಕ್ಷಣ ನಡೆದದ್ದೆಲ್ಲ ಮರೆತುಬಿಡುತ್ತೆ. ಇಂಟರ್ನೆಟ್ಟಿಗೆ ಹೋದ್ರೂ ನೇರ ಹೋಗಲ್ಲ, ಮೂರು ಕಡೆ ಸುತ್ತಿ, ತನ್ನ ಊರು ಯಾವುದು ಅಂತ ಮುಚ್ಚಿಟ್ಟುಕೊಂಡೇ ಹೋಗುತ್ತೆ. "ಭೇಷ್" ಅಂದ್ರು ಮಾವ.

ಆಟ ಕುಂಟುತ್ತಾ ಓಡಿತು. ಜೊತೆಗೆ ಬೇರೆ ಡ್ರೈವರುಗಳ ಸಾಲಿಗೆ ಸೇರೋಣ ಅಂತ ಹೋದ್ರೆ ಆಟದವರು ಒಳಗೇ ಬಿಡಲಿಲ್ಲ. ಈ ನಿಮಿಷ ಒಂದು ದೇಶದ ವಿಳಾಸ, ಮುಂದಿನ ನಿಮಿಷ ಇನ್ನೊಂದು ದೇಶದ್ದು. ಯಾರೋ ಕಳ್ಳ ಅಂದ್ಕೊಂಡಿರಬೇಕು. "ಮೂವತ್ತು ವರ್ಷ ಯಾರ್ಡಲ್ಲಿ ನಾನು ಬೇರೆಯವರನ್ನ ನಿಲ್ಲಿಸಿದೀನಿ, ನನ್ನನ್ನೇ ನಿಲ್ಲಿಸ್ತಾನಾ!" ಅಂತ ಮಾವ ಕೆಂಡ ಆದ್ರು. ಆದ್ರೂ ಹಟ ಬಿಡದೆ ಒಬ್ಬರೇ ಕೂತು ಬೆಳಿಗ್ಗೆಯಿಂದ ಸಂಜೆ ತನಕ ಓಡಿಸಿ, ಹದಿನಾಲ್ಕು ಚಕ್ರದ ಹೊಸ ಲಾರಿ ಸಂಪಾದಿಸಿದ್ರು. ಅತ್ತೆಯನ್ನ ಕರೆದು ತೋರಿಸಿದ್ರು. ಅತ್ತೆ ಪರದೆಗೆ ದೃಷ್ಟಿ ತೆಗೆದ್ರು.

ಮಾರನೇ ದಿನ ನಾನು ಅಂಗಡಿಯಲ್ಲಿದ್ದಾಗ ಫೋನು. "ನನ್ನ ಲಾರಿ ಎಲ್ಲಿ?"

"ಯಾವ ಲಾರಿ ಮಾವ?"

"ಹದಿನಾಲ್ಕು ಚಕ್ರದ್ದು! ಇದು ನನ್ನ ಹೆಸರೇ ಕೇಳ್ತಾ ಇದೆ. ನೀನ್ಯಾರು ಅಂತಿದೆ ನನ್ನನ್ನ!"

ನಾನು ಮರೆಯೋದೇ ಅದರ ಗುಣ ಅಂತ ವಿವರಿಸ್ತಾ ಇದ್ದೆ. ಹಿಂದಿನಿಂದ ಅತ್ತೆಯ ದನಿ ಕೇಳಿಸಿತು. "ಕನ್ನಡಕ ತಲೆ ಮೇಲೆ ಇಟ್ಕೊಂಡು ಮನೆಯೆಲ್ಲ ಹುಡುಕೋರು ಒಬ್ಬರು ಸಾಲದು ಅಂತ, ಇವಳು ಇನ್ನೊಂದು ತಂದು ಕೂರ್ಸಿದಾಳೆ."

ಒಂದೊಂದು ಜಾಡಿಗೆ ಒಂದೊಂದು ಚಮಚ

ಎರಡನೇ ಪ್ರಯತ್ನ ಇನ್ನೂ ಘನಂದಾರಿಯದು. ಈ ಲಿನಕ್ಸಿನಲ್ಲಿ ಪ್ರತಿ ಕೆಲಸಕ್ಕೂ ಬೇರೆ ಬೇರೆ ಕೋಣೆ. ಬ್ಯಾಂಕಿಗೆ ಒಂದು, ಪತ್ರಕ್ಕೆ ಒಂದು, ಗುರುತಿಲ್ಲದ ಜಾಗಕ್ಕೆ ಹೋಗೋಕೆ ಒಂದು. ಒಂದು ಕೋಣೆಗೆ ರೋಗ ಬಂದ್ರೂ ಇನ್ನೊಂದಕ್ಕೆ ದಾಟಲ್ಲ. ಮಾವನಿಗೆ ಒಂದು ಗಂಟೆ ವಿವರಿಸಿದೆ, ತಲೆ ಕೆರ್ಕೊಂಡ್ರು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಇದರಲ್ಲಿ ಅರ್ಥ ಆಗದೇ ಇರೋದೇನಿದೆ? ಮಾವಿನ ಉಪ್ಪಿನಕಾಯಿ ಚಮಚ ನಿಂಬೆ ಜಾಡಿಗೆ ಹಾಕಬಾರದು. ಒದ್ದೆ ಚಮಚ ಯಾವುದಕ್ಕೂ ಹಾಕಬಾರದು. ಅಷ್ಟೇ ತಾನೆ?" ಅಂದ್ರು. ಇಷ್ಟು ವರ್ಷದಲ್ಲಿ ನನಗೆ ಇದನ್ನ ಇಷ್ಟು ಚೆನ್ನಾಗಿ ಹೇಳೋಕೆ ಬಂದಿಲ್ಲ.

ಅತ್ತೆಗೆ ಈ ಲಿನಕ್ಸ್ ಬಹಳ ಮನಸ್ಸಿಗೆ ಬಂತು. ತೊಂದರೆ ಒಂದೇ. ಆಟದ ಚಿತ್ರ ಸರಾಗ ಓಡಬೇಕಾದ್ರೆ ಯಂತ್ರದೊಳಗಿನ ಗ್ರಾಫಿಕ್ಸ್ ಕಾರ್ಡು ಬೇಕು. ಈ ಲಿನಕ್ಸ್ ಅದನ್ನ ಯಾವ ಕೋಣೆಗೂ ಸುಲಭಕ್ಕೆ ಬಿಟ್ಟುಕೊಡಲ್ಲ. ಮಾವನ ಲಾರಿ ನಿಮಿಷಕ್ಕೊಂದು ಹೆಜ್ಜೆ ಇಟ್ಟಿತು. ಸಂಜೆ ನಾನು ಮನೆಗೆ ಬಂದಾಗ ಮಾವ ಸುಮ್ಮನೆ ಕೂತಿದ್ರು, ಪರದೆಯ ಮೇಲೆ ಲಾರಿ ಒಂದು ಸೇತುವೆಯ ಮೇಲೆ ನಿಂತಿತ್ತು. "ಬೆಳಿಗ್ಗೆ ಹತ್ತಿದ್ದು. ಇನ್ನೂ ಇಳಿದಿಲ್ಲ" ಅಂದ್ರು.

ಆಗ ನನ್ನ ಜಾಣತನ ಇಳೀತು. ದಿನಬಳಕೆಯ, ನೆಟ್ಟಗಿರೋ ಒಂದು ಲಿನಕ್ಸ್ ಹಾಕಿದೆ. ಡಿಸ್ಕಿಗೆ ಬೀಗ. ಯಾರಿಗೋ ವರದಿ ಒಪ್ಪಿಸೋ ಕಿಟಕಿಗಳೆಲ್ಲ ಬಂದ್. ಬ್ರೌಸರಿಗೆ ಜಾಹೀರಾತು ತಡೆಯೋ ಬೇಲಿ. ಆಟಕ್ಕೆ ಬೇರೆಯೇ ಖಾತೆ, ಅಲ್ಲಿಂದ ಮನೆಯ ಕಾಗದಪತ್ರದ ಕಡೆ ದಾರಿಯೇ ಇಲ್ಲ. ಗ್ರಾಫಿಕ್ಸ್ ಕಾರ್ಡಿಗೆ ಸರಿಯಾದ ಡ್ರೈವರ್, ಅಂದ್ರೆ ಅದನ್ನ ನಡೆಸೋ ಪ್ರೋಗ್ರಾಮು. ಅತ್ತೆಯ ಸೂತ್ರವೇ, ಜಾಡಿ ಎರಡು ಮಾತ್ರ. ಲಾರಿ ಹೊರಟಿತು ನೋಡಿ, ಮಾವನ ಮುಖ ಊರಗಲ ಆಯ್ತು. "ಇದು ಮೊದಲೇ ಹಾಕಬಾರದಿತ್ತಾ?" ಅಂದ್ರು. ನಾನು ಕಾಫಿ ತರ್ತೀನಿ ಅಂತ ಅಡುಗೆಮನೆಗೆ ಜಾರಿಕೊಂಡೆ.

ಬಸ್ಸಿನಲ್ಲಿ ಹೆಲ್ಮೆಟ್

ಅದಾಗಿ ಒಂದು ವಾರಕ್ಕೆ ನನ್ನ ಅಂಗಡಿಗೆ ಹೆಲ್ಮೆಟ್ ಹಾಕ್ಕೊಂಡ ಒಬ್ಬರು ಬಂದ್ರು. ಒಳಗೆ ಬಂದು ಸ್ಟೂಲ್ ಮೇಲೆ ಕೂತ್ರೂ ಹೆಲ್ಮೆಟ್ ತೆಗೀಲಿಲ್ಲ. ಕೈಚೀಲದಲ್ಲಿ ಕಂಪ್ಯೂಟರಿನ ಡಬ್ಬಿ. ನನಗೆ ಸ್ವಲ್ಪ ಭಯವೇ ಆಯ್ತು. ಆಮೇಲೆ ಹೊಟ್ಟೆ ನೋಡಿದೆ, ಗುರುತು ಹತ್ತಿತು.

"ತೂಕದ ಅಂಕಲ್, ನೀವಾ?"

"ಶ್! ನಿಮ್ಮ ಮಾವನಿಗೆ ಗೊತ್ತಾಗಬಾರದು" ಅಂತ ಹೆಲ್ಮೆಟ್ಟಿನೊಳಗಿಂದ ದನಿ ಬಂತು.

"ಬೈಕಲ್ಲಿ ಬಂದ್ರಾ ಅಂಕಲ್?"

"ಬಸ್ಸಲ್ಲಿ."

"ಭದ್ರಾವತಿಯಿಂದ ಹೆಲ್ಮೆಟ್ ಹಾಕ್ಕೊಂಡು ಬಸ್ಸಲ್ಲಿ ಬಂದ್ರಾ?"

"ಮತ್ತಿನ್ನೇನು? ಆ ಬಸ್ಸಲ್ಲಿ ಎಲ್ಲಾ ನಮ್ಮ ಕಾಲೋನಿಯವರೇ ಇರ್ತಾರೆ. ಆದ್ರೂ ಇಳಿಯೋವಾಗ ಕಂಡಕ್ಟರ್, 'ತೂಕದ ಸಾರ್, ಹುಷಾರು, ಮೆಟ್ಟಿಲಿದೆ' ಅಂದ. ಹೇಗೆ ಗೊತ್ತಾಯ್ತೋ ಏನೋ."

ವಿಷಯ ಇಷ್ಟೇ. ಹಾಲಿನ ಬೂತಲ್ಲಿ ಅವರ ಹೆಂಡತಿಗೆ ಅತ್ತೆ ಉಪ್ಪಿನಕಾಯಿ ಜಾಡಿಯ ಕಥೆ ಹೇಳಿದ್ದಾರೆ. ಗಂಡಂದಿರು ಮಾತು ಬಿಟ್ಟಿದ್ದೇ ಹೊರತು ಹೆಂಗಸರು ಒಂದು ದಿನಾನೂ ಬಿಟ್ಟಿರಲಿಲ್ಲ. ಅಂಕಲ್‌ಗೂ ಲಾರಿ ಆಟ ಬೇಕು, ಬಾಯಿ ಬಿಡದ ಲಿನಕ್ಸೂ ಬೇಕು. "ನಿಮ್ಮ ಮಾವನದಕ್ಕಿಂತ ಒಂದು ತೂಕ ಜಾಸ್ತೀನೇ ಇರಲಿ" ಅಂದ್ರು. ಯಾರಿಗೂ ಹೇಳಲ್ಲ ಅಂತ ನನ್ನ ಕೈಯಲ್ಲಿ ಆಣೆ ಮಾಡಿಸ್ಕೊಂಡ್ರು. ಗಿರಾಕಿ ಗುಟ್ಟು ಕಾಯೋದು ನನ್ನ ಕಸುಬಿನ ಧರ್ಮ. ಮಾವನಿಗೆ ಹಾಕಿದ್ದನ್ನೇ ಹಾಕಿ, "ಒಂದು ತೂಕ ಜಾಸ್ತಿ ಹಾಕಿದೀನಿ" ಅಂದೆ.

ಕೆಲಸ ಮುಗಿದ ಮೇಲೆ ಕಾಫಿ ತರಿಸಿದೆ. ಹೆಲ್ಮೆಟ್ ತೆಗೀಲೇ ಇಲ್ಲ ಪುಣ್ಯಾತ್ಮ. ಗಾಜು ಒಂದು ಬೆರಳು ಎತ್ತಿ, ಹೂವಿನವಳ ಹತ್ರ ಒಂದು ಪೊಳ್ಳು ತಾವರೆ ದಂಟು ಇಸ್ಕೊಂಡು ಬರ್ತೀನಿ ಅಂದ್ರು. ಹೀರೋಕೆ ಅಂತೆ.

ತ್ಯಾವರೆಕೊಪ್ಪದಲ್ಲಾದ್ರೂ ಬೇಲಿ ಇದೆ

ಇನ್ನು ನನ್ನ ತಪ್ಪು ಒಪ್ಕೋತೀನಿ. ಆ ಆಟದಲ್ಲಿ ಜೊತೆಯಾಗಿ ಲಾರಿ ಓಡಿಸೋಕೆ ಗುಂಪು ಕಟ್ಟಬಹುದು. ನನ್ನ ಗಿರಾಕಿಗಳಿಗೆಲ್ಲ ಅಂತ ನಾನೊಂದು ಗುಂಪು ಮಾಡಿಟ್ಟಿದ್ದೆ, ಯಾರಿಗೇ ಆಟ ಹಾಕಿದ್ರೂ ಕೈ ತಾನಾಗಿ ಅವರನ್ನ ಅದಕ್ಕೇ ಸೇರಿಸುತ್ತೆ. ಅಂಕಲನ್ನೂ ಸೇರಿಸಿಬಿಟ್ಟಿದ್ದೆ. ನೆನಪಾಗಿದ್ದು ಸಂಜೆ ಬಸ್ಸಲ್ಲಿ.

ಇಬ್ಬರಿಗೂ ಸುಳ್ಳು ಹೆಸರು ಇಟ್ಕೊಳ್ಳಿ, ಗುರುತು ಸಿಗಬಾರದು ಅಂತ ಮೊದಲೇ ಹೇಳಿದ್ದೆ. ಮಾವ ಮೊದಲು ಬರೆದ ಗುಟ್ಟಿನ ಹೆಸರು "ನಿವೃತ್ತ ಯಾರ್ಡ್ ಸೂಪರ್‌ವೈಸರ್, ಕಾಗದನಗರ". ಕ್ವಾರ್ಟರ್ಸ್ ನಂಬರೂ ಸೇರಿಸೋಕೆ ಹೋಗಿದ್ರು, ಜಾಗ ಸಾಲಲಿಲ್ಲ. ತಲೆ ಚಚ್ಕೊಂಡು ಅಳಿಸಿ "ಹುಲಿ" ಅಂತ ಇಟ್ಟೆ. ಅಂಕಲ್ ತಮ್ಮಷ್ಟಕ್ಕೆ ತಾವೇ "ಸಿಂಹ" ಅಂತ ಇಟ್ಕೊಂಡಿದ್ರು. ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಯಲ್ಲಾದ್ರೂ ಎರಡರ ನಡುವೆ ಬೇಲಿ ಇದೆ, ಇಲ್ಲಿ ಅದೂ ಇಲ್ಲ.

ಮನೆಗೆ ಓಡಿದೆ. ಅಷ್ಟರಲ್ಲಿ ಕಾಲ ಮಿಂಚಿತ್ತು. ಮಾವ ನಗ್ತಾ ಕೂತಿದ್ರು. ಅವರು ಹಲ್ಲು ಬಿಟ್ಟು ನಗೋದನ್ನ ನಾನು ನೋಡಿ ಎಷ್ಟು ವರ್ಷ ಆಗಿತ್ತೋ.

"ಇವತ್ತು ಒಬ್ಬ ಒಳ್ಳೇ ಮನುಷ್ಯ ಸಿಕ್ಕಿದ್ದ ಕಣಮ್ಮ. ಸಿಂಹ ಅಂತ. ಜರ್ಮನಿಯಲ್ಲೋ ಎಲ್ಲೋ ಇರೋ ಕನ್ನಡದವನಿರಬೇಕು. ಏನು ಶಿಸ್ತು! ಲಾರಿಗೆ ಒಂದು ದಿಮ್ಮಿ ಜಾಸ್ತಿ ಹೇರಲ್ಲ. ತೂಕ ಅಂದ್ರೆ ತೂಕ. ನಮ್ಮ ಎದುರು ಮನೆಯವನೂ ಇದ್ದಾನೆ, ದಂಡಕ್ಕೆ!"

ಬಾಯಿ ತನಕ ಬಂತು ನನಗೆ. ನುಂಗಿಕೊಂಡೆ. ಹೇಳಿದ್ರೆ ಕೊಟ್ಟ ಮಾತು ತಪ್ಪುತ್ತೆ. ಅದಕ್ಕಿಂತ ಹೆಚ್ಚಾಗಿ ಮಾವನ ಆ ನಗು ನಿಲ್ಲುತ್ತೆ ಅನ್ನೋ ಹೆದರಿಕೆ.

ಮೂರು ತಿಂಗಳು ಹುಲಿ ಸಿಂಹ ದಿನಾ ಜೊತೆಯಲ್ಲೇ ಲಾರಿ ಓಡಿಸಿದ್ರು. ಆಟದ ನಡುವೆ ಒಂದೊಂದು ಬೆರಳಲ್ಲಿ ಒತ್ತಿ ಮಾತುಕತೆ. ಬಾಯಲ್ಲಿ ಮಾತಾಡೋ ಮೈಕು ಇಬ್ಬರೂ ಬಂದ್ ಮಾಡಿದ್ರು, ಗುಟ್ಟು ನೋಡಿ. ಒಂದು ದಿನ ಹುಲಿ ಬರೆದ್ರು: "ನನಗೊಬ್ಬ ಗೆಳೆಯ ಇದ್ದ. ಮಾತು ಬಿಟ್ಟು ಎಂಟು ವರ್ಷ. ಸಂಜೆ ಹೊತ್ತು ಹೋಗೋದೇ ಇಲ್ಲ." ಸಿಂಹ ಬರೆದ್ರು: "ನನಗೂ ಅಂಥವನೇ ಒಬ್ಬ. ಹಟಮಾರಿ. ನೀವೇ ಮೊದಲು ಮಾತಾಡಿಸಿಬಿಡಿ, ದೊಡ್ಡವರಾಗ್ತೀರಿ." ಹುಲಿ: "ನೀವು ನಿಮ್ಮವನನ್ನ ಮಾತಾಡಿಸಿ, ಆಮೇಲೆ ನಾನು." ಸಿಂಹ: "ನನ್ನದು ತಪ್ಪಿದ್ರೆ ತಾನೆ ಮಾತಾಡಿಸೋದು?"

ನಾನು ಮಾವನ ಬೆನ್ನ ಹಿಂದೆ ಕಾಫಿ ಲೋಟ ಹಿಡ್ಕೊಂಡು ಇದನ್ನ ಓದಿದೆ. ಅಳಬೇಕೋ ನಗಬೇಕೋ ತಿಳೀಲಿಲ್ಲ. ಅಡುಗೆಮನೆಗೆ ಬಂದು ಅತ್ತೆಯ ಎದುರು ನಿಂತೆ.

"ಹೇಳಬೇಡ. ಮಾತು ಕೊಟ್ಟಿದೀಯ" ಅಂದ್ರು ಅತ್ತೆ ಚಪಾತಿ ಲಟ್ಟಿಸ್ತಾ.

"ಏನು ಅಂತ ನಿಮಗೆ ಗೊತ್ತಾ?"

"ಹಾಲಿನ ಬೂತಲ್ಲಿ ಎದುರು ಮನೆಯವಳು ನಮ್ಮವರು ಹುಲಿ ಹುಲಿ ಅಂತಿರ್ತಾರೆ ಅಂದ್ಲು, ನಾನು ನಮ್ಮವರು ಸಿಂಹ ಸಿಂಹ ಅಂತಿರ್ತಾರೆ ಅಂದೆ. ಹಾಲು ಹಾಕೋನಿಗೂ ಗೊತ್ತಾಯ್ತು. ಇಡೀ ಕಾಗದನಗರದಲ್ಲಿ ಗೊತ್ತಿಲ್ಲದೇ ಇರೋರು ಇಬ್ಬರೇ."

ನಿಮ್ಮನೇಲೂ ಹೋಯ್ತಾ?

ಇದರ ನಡುವೆ ಮಾವನಿಗೆ ಒಂದು ವಿಷಯ ವಿಚಿತ್ರ ಅನ್ನಿಸೋಕೆ ಶುರುವಾಗಿತ್ತು. ಶಿವಮೊಗ್ಗದ ಹತ್ರ ಸೋಗಾನೆಯಲ್ಲಿ ವಿಮಾನ ಇಳಿಯೋ ಕಾಲ ಬಂದ್ರೂ ನಮ್ಮ ಕಡೆ ಕರೆಂಟು ಹೋಗೋದು ತಪ್ಪಿಲ್ಲ. "ಪಾಪ, ಜರ್ಮನಿಯಲ್ಲೂ ನಮ್ಮ ಹಾಗೇ ಕರೆಂಟು ಹೋಗುತ್ತೆ ಕಣಮ್ಮ. ನಮ್ಮದು ಬರೋ ಹೊತ್ತಿಗೇ ಅವರದೂ ಬರುತ್ತೆ" ಅಂತ ಒಂದು ದಿನ ಅಂದ್ರು. ನಾನು ಹೂಂಗುಟ್ಟಿದೆ. ಮಾವ ಸ್ವಲ್ಪ ಹೊತ್ತು ಫ್ಯಾನ್ ನೋಡ್ತಾ ಕೂತ್ರು. ಅನುಮಾನ ಬಂತೋ, ಬಂದಿದ್ದನ್ನ ಅವರೇ ಬೇಡ ಅಂತ ಓಡಿಸಿದ್ರೋ ಗೊತ್ತಿಲ್ಲ.

ಆಮೇಲೆ ಒಂದು ಭಾನುವಾರ. ಬೆಳಿಗ್ಗೆ ಹನ್ನೊಂದು ಗಂಟೆ. ಆಟದಲ್ಲೇ ಅತಿ ಕಷ್ಟದ ಘಾಟಿ ಅವತ್ತು. ಮುಂದೆ ಹುಲಿ, ಹಿಂದೆ ಸಿಂಹ, ಎರಡು ಲಾರಿ ತುಂಬ ದಿಮ್ಮಿ. ಮಾವ ಇಳಿಜಾರಿನಲ್ಲಿ ಉಸಿರು ಬಿಗಿಹಿಡಿದು ಗೇರ್ ಇಳಿಸ್ತಾ ಇದ್ರು. ಟಪ್ ಅಂತ ಕರೆಂಟು ಹೋಯ್ತು.

ಮಾವ ಕುತ್ತಿಗೆಗೆ ಹೆಡ್‌ಫೋನ್ ನೇತುಹಾಕ್ಕೊಂಡೇ ಗೇಟಿಗೆ ಓಡಿದ್ರು. ನಾನೂ ಹಿಂದೆ ಹೋದೆ. ಎದುರು ಗೇಟಲ್ಲಿ ಅಂಕಲ್. ಅವರ ಕುತ್ತಿಗೆಯಲ್ಲೂ ಹೆಡ್‌ಫೋನ್. ಇಬ್ಬರೂ ಎಂದಿನ ಹಾಗೆ ಮುಖ ನೋಡಿ ತಿರುಗಬೇಕು, ಅಷ್ಟರಲ್ಲಿ ಮಾವ ತಮ್ಮಷ್ಟಕ್ಕೆ ಗೊಣಗಿದ್ರು. "ಥೂ ಇದರ, ಸರಿಯಾಗಿ ಇಳಿಜಾರಲ್ಲೇ ಹೋಗಬೇಕಾ!"

ಅಂಕಲ್ ನಿಂತುಬಿಟ್ರು. ಹೆಡ್‌ಫೋನ್ ಮುಟ್ಕೊಂಡ್ರು. ಮಾವನ ಹೆಡ್‌ಫೋನ್ ನೋಡಿದ್ರು. ಗಂಟಲು ಸರಿ ಮಾಡ್ಕೊಂಡ್ರು.

"ನಿಮ್ಮನೇಲೂ ಹೋಯ್ತಾ?"

ಎಂಟು ವ​ರ್ಷದ ಮೇಲೆ ಮೊದಲನೇ ಮಾತು. ಮಾವ ಗೇಟಿನ ಸರಳು ಹಿಡ್ಕೊಂಡ್ರು.

"ಹೂಂ. ಘಾಟಿ ಇಳೀತಾ ಇದ್ದೆ."

"ಗೊತ್ತು. ಹಿಂದೇನೇ ಇದ್ದೆನಲ್ಲೋ ನಾನು."

ಇಬ್ಬರೂ ರಸ್ತೆಯ ನಡುವಿಗೆ ಬಂದ್ರು. "ಜರ್ಮನಿ ಅಂದ್ಕೊಂಡಿದ್ದೆ ನಿನ್ನ" ಅಂದ್ರು ಮಾವ. "ನಾನು ನಿನ್ನನ್ನ ದುಬೈ ಅಂದ್ಕೊಂಡಿದ್ದೆ" ಅಂದ್ರು ಅಂಕಲ್. ನನ್ನ ಕಣ್ಣು ತುಂಬಿ ಬಂತು. ಅಲ್ಲೇ ನಿಂತು ನೋಡೋಣ ಅಂದ್ರೆ, ಪಕ್ಕದ ಮನೆಯ ಟಿವಿ ಜೋರಾಗಿ ಧಾರಾವಾಹಿ ಹಾಡ್ತಾ ಇತ್ತು. ಅದರಾಚೆ ಮನೆಯಲ್ಲಿ ಮಿಕ್ಸಿ ಗುರ್ರ್ ಅಂತಿತ್ತು. ಕರೆಂಟು ಎಲ್ಲರ ಮನೇಲೂ ಇದೆ, ನಮ್ಮ ಈ ಎರಡು ಮನೇಲಿ ಮಾತ್ರ ಇಲ್ಲ! ಫ್ಯೂಸ್ ಹೋಗಿರಬೇಕು ಅಂತ ಹಿತ್ತಲ ಗೋಡೆಯ ಮೇನ್ ಸ್ವಿಚ್ ಹತ್ರ ಓಡಿದೆ.

ಅಲ್ಲಿ ಅತ್ತೆ ನಿಂತಿದ್ರು. ಒಂದು ಕೈ ಕೆಳಗಿಳಿಸಿದ ಮೇನ್ ಸ್ವಿಚ್ಚಿನ ಮೇಲೆ, ಇನ್ನೊಂದು ಕೈಯಲ್ಲಿ ಕಿವಿಗೆ ಒತ್ತಿದ ಫೋನು.

"ಅತ್ತೆ! ನೀವಾ?"

"ಶ್!" ಅಂದ್ರು. ಫೋನಿನಲ್ಲಿ ಎದುರು ಮನೆಯಾಕೆಯ ದನಿ ನನಗೂ ಕೇಳ್ತಿತ್ತು. "ಏನಾಯ್ತೇ? ನನ್ನ ಗ್ರೈಂಡರಲ್ಲಿ ಇಡ್ಲಿ ಅಕ್ಕಿ ಅರ್ಧಕ್ಕೆ ನಿಂತಿದೆ, ಮೇನ್ ಎತ್ತಲಾ?"

"ಎತ್ತಬೇಡ, ತಡಿ. ಇನ್ನೂ ಹೊಟ್ಟೆ ವಿಷಯಕ್ಕೇ ಬಂದಿದ್ದಾರೆ" ಅಂದ್ರು ಅತ್ತೆ.

ನಿಜ. ರಸ್ತೆಯಲ್ಲಿ ದನಿ ಏರಿತ್ತು. "ತಾಗಿತ್ತು!" ಅಂತ ಮಾವ. "ತಾಗಿಲ್ಲ!" ಅಂತ ಅಂಕಲ್. ಅಯ್ಯೋ ದೇವರೇ, ಮತ್ತೆ ಶುರುವಾಯ್ತಲ್ಲ ಅಂತ ನಾನು ಅತ್ತೆಯ ಸೆರಗು ಹಿಡ್ಕೊಂಡೆ. ಆಮೇಲೆ ಅಂಕಲ್‌ನ ದನಿ, ಸಣ್ಣಗೆ.

"ತಾಗಿತ್ತು ಕಣೋ. ಸ್ವಲ್ಪ."

"ಗೊತ್ತು ಬಿಡೋ. ಆ ಬಿಲ್ಲೆ ಹೇಗಿದ್ರೂ ಬೀಳೋದೇ ಇತ್ತು" ಅಂದ್ರು ನಮ್ಮ ಮಾವ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡ್ರು, ಫೋನು ಬಾಯಿ ಹತ್ರ ತಂದ್ರು.

"ಒಪ್ಕೊಂಡ್ರು ಮಾರಾಯ್ತಿ. ಎತ್ತು ಮೇನು."